ಕಂಟ್ರೋಲರ್ ಸತ್ತಿಲ್ಲ, ಕಾಣುತ್ತಿಲ್ಲ ಅಷ್ಟೇ

ಸ್ಟೋರೇಜ್ ನೋಡಿಕೊಳ್ಳುವ ಕೆಲಸದಲ್ಲಿ ನನಗೆ ಬರುವ ಫೋನ್‌ಗಳಲ್ಲಿ ಬಹುಪಾಲು ಡಿಸ್ಕ್ ಕೆಟ್ಟದ್ದಕ್ಕೆ ಬರುವುದಿಲ್ಲ. ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್ ತೆರೆದರೆ ಅರೇ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ಇಟ್ಟ ಸ್ಟೋರೇಜ್ ಪೆಟ್ಟಿಗೆ) ಕಾಣುತ್ತಿಲ್ಲ, ಅದನ್ನು ನಡೆಸುವ ಎ, ಬಿ ಎಂಬ ಎರಡು ಕಂಟ್ರೋಲರ್‌ಗಳಲ್ಲಿ ಒಂದು ಮಾತ್ರ ಕಾಣುತ್ತಿದೆ, ವಿಂಡೋ ಖಾಲಿ ಬರುತ್ತಿದೆ ಎಂಬ ದೂರುಗಳೇ ಹೆಚ್ಚು. ಪರದೆಯ ಮೇಲೆ ಕೆಂಪು ಗುರುತು ಕಂಡ ಕೂಡಲೇ ಸರ್ವರ್ ರೂಮಿಗೆ ಓಡಿ ಕಂಟ್ರೋಲರ್‌ಗೆ ಕೈಹಾಕುವವರನ್ನು ನಾನು ಸಾಕಷ್ಟು ನೋಡಿದ್ದೇನೆ. ಈ ಬರಹ ಮುಖ್ಯವಾಗಿ ಅವರಿಗಾಗಿ.

ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾದರೆ ಅರ್ಧ ಗಾಬರಿ ಅಲ್ಲೇ ಇಳಿಯುತ್ತದೆ. ಡೇಟಾ ಓಡಾಡುವ ದಾರಿ ಬೇರೆ, ನಾವು ಅರೇಯನ್ನು ನೋಡುವ ದಾರಿ ಬೇರೆ. ಸರ್ವರ್‌ಗಳು ಫೈಬರ್ ಚಾನೆಲ್ ಎಂಬ ಪ್ರತ್ಯೇಕ ಜಾಲದಲ್ಲೋ ಮಾಮೂಲಿ ನೆಟ್‌ವರ್ಕ್ ಮೇಲೆ ನಡೆಯುವ ಐಸ್ಕಸಿಯಲ್ಲೋ (iSCSI) ಅರೇಯೊಂದಿಗೆ ಮಾತಾಡುತ್ತವೆ. ನಾವು ನೋಡುವುದು ಪ್ರತಿ ಕಂಟ್ರೋಲರ್‌ನ ಹಿಂಬದಿಯಲ್ಲಿರುವ ಮ್ಯಾನೇಜ್‌ಮೆಂಟ್ ಈಥರ್ನೆಟ್ ಪೋರ್ಟ್ ಮೂಲಕ. ಆ ಸಣ್ಣ ತಂತಿ ಕಿತ್ತುಹೋದರೂ ಬ್ಯಾಂಕಿನ ವಹಿವಾಟು ನಿಲ್ಲುವುದಿಲ್ಲ.

ನಾನು ಹೆಚ್ಚು ಕೈಯಾಡಿಸಿದ್ದು ಸ್ಯಾಂಟ್ರಿಸಿಟಿ ಕುಟುಂಬದ ಅರೇಗಳಲ್ಲಿ. ಎಲ್‌ಎಸ್‌ಐ ಕಂಪನಿಯ ಎಂಜೆನಿಯೊ ವಿಭಾಗ ರೂಪಿಸಿದ ಈ ಸಾಫ್ಟ್‌ವೇರ್, ಐಬಿಎಂನ ಡಿಎಸ್ ಸರಣಿಯಲ್ಲಿ, ಡೆಲ್‌ನ ಎಂಡಿ ಸರಣಿಯಲ್ಲಿ ಬೇರೆ ಬೇರೆ ಹೆಸರಿನಿಂದ ಬಂತು. 2011ರಲ್ಲಿ ನೆಟ್‌ಆ್ಯಪ್ ಆ ವಿಭಾಗವನ್ನು ಕೊಂಡಿತು. ಹೆಸರು, ಬಣ್ಣ ಬದಲಾದರೂ ಒಳಗಿನ ನಡೆ ಒಂದೇ ಆದ್ದರಿಂದ ಒಂದರಲ್ಲಿ ಕಲಿತದ್ದು ಇನ್ನೊಂದಕ್ಕೂ ಆಗುತ್ತದೆ.

ಹುಬ್ಬಳ್ಳಿಯ ಒಂದು ಕಚೇರಿಯ ಪ್ರಕರಣವನ್ನೇ ಹೇಳುತ್ತೇನೆ. ಹಿಂದಿನ ರಾತ್ರಿ ಕರೆಂಟ್ ಹೋಗಿ, ಯುಪಿಎಸ್ ಕೂಡ ಖಾಲಿಯಾಗಿ ಎಲ್ಲ ಯಂತ್ರಗಳೂ ಆರಿಹೋಗಿದ್ದವು. ಬೆಳಗ್ಗೆ ಅಲ್ಲಿನ ಹುಡುಗ ಫೋನ್ ಮಾಡಿದ. "ಸರ, ಬಿ ಕಂಟ್ರೋಲರ್ ಹೋಗೇತ್ರಿ. ಕೆಂಪ್ ಕಾಣಾಕತ್ತೈತಿ. ತಗದ್ ಹಾಕಿ ನೋಡ್ಲೇನ್ರಿ?"

"ಕೈ ಹಚ್ಚಬ್ಯಾಡಪ್ಪಾ. ಮಂದಿ ಏನರ ಕಂಪ್ಲೇಂಟ್ ಹೇಳ್ಯಾರೇನು?"

"ಇಲ್ರಿ ಸರ, ಎಲ್ಲಾ ಛಲೋ ನಡದೈತ್ರಿ."

ಆ ಮಾತಿನಲ್ಲೇ ಅರ್ಧ ಉತ್ತರವಿತ್ತು. ಆದರೂ ಬಾಯಿಮಾತು ನಂಬಿ ಕೂರಬಾರದು, ಸರ್ವರ್ ಕಡೆಯಿಂದ ಸಾಕ್ಷಿ ಬೇಕು. ಅವರ ಡೇಟಾಬೇಸ್ ಲಿನಕ್ಸ್ ಮೇಲಿತ್ತು. ಅದರಲ್ಲಿ ಮಲ್ಟಿಪಾತ್ ಪಟ್ಟಿ, ಅಂದರೆ ಸರ್ವರ್‌ನಿಂದ ಅರೇಗೆ ಇರುವ ಎಲ್ಲ ದಾರಿಗಳ ಪಟ್ಟಿ ತೆಗೆಸಿ ನನಗೆ ಕಳಿಸಲು ಹೇಳಿದೆ. ಈ ಅರೇಗಳಲ್ಲಿ ಪ್ರತಿ ವಾಲ್ಯೂಮ್‌ಗೂ (ಸರ್ವರ್‌ಗೆ ಒಂದು ಡಿಸ್ಕಿನಂತೆ ಕಾಣುವ ಭಾಗ) ಒಬ್ಬ ಒಡೆಯ ಕಂಟ್ರೋಲರ್ ಇರುತ್ತದೆ. ಬಿ ನಿಜಕ್ಕೂ ಸತ್ತಿದ್ದರೆ ಅದರ ವಾಲ್ಯೂಮ್‌ಗಳೆಲ್ಲ ಎ ಕಡೆಗೆ ಹಾರಿರಬೇಕು, ಬಿ ಕಡೆಯ ದಾರಿಗಳ ಮುಂದೆ ಫೇಲ್ಡ್, ಫಾಲ್ಟಿ ಎಂದಿರಬೇಕು. ಬಂದ ಪಟ್ಟಿಯಲ್ಲಿ ಎಲ್ಲ ದಾರಿಗಳ ಮುಂದೆಯೂ ಆ್ಯಕ್ಟಿವ್, ರೆಡಿ, ರನ್ನಿಂಗ್ ಎಂದಿತ್ತು. ಬಿ ಕಂಟ್ರೋಲರ್ ಆ ಗಳಿಗೆಯಲ್ಲೂ ಡೇಟಾಬೇಸಿಗೆ ಬರೆಯುತ್ತ ಓದುತ್ತ ಇತ್ತು. ಅದನ್ನು ಎಳೆದು ತೆಗೆದಿದ್ದರೆ ಇದ್ದಬದ್ದ ಭಾರವೆಲ್ಲ ಒಮ್ಮೆಗೇ ಎ ಮೇಲೆ ಬೀಳುತ್ತಿತ್ತು. ಬರೆಯಬೇಕಾದ ಡೇಟಾದ ಪ್ರತಿಯನ್ನು ಇನ್ನೊಂದು ಕಂಟ್ರೋಲರ್‌ನ ಮೆಮೊರಿಯಲ್ಲೂ ಇಡುವ ಕ್ಯಾಶ್ ಮಿರರಿಂಗ್ ತಪ್ಪಿ ಬರವಣಿಗೆ ನಿಧಾನವಾಗುತ್ತಿತ್ತು. ಮಲ್ಟಿಪಾತ್ ಸರಿಯಾಗಿ ಕೂರಿಸದ ಸರ್ವರ್ ಒಂದಿದ್ದರೂ ಅದರ ಡಿಸ್ಕ್ ಮಾಯವಾಗುತ್ತಿತ್ತು. ಏನೂ ಕೆಡದಿದ್ದ ಕಡೆ ನಾವೇ ಕೆಡಿಸಿದಂತಾಗುತ್ತಿತ್ತು.

ಹಾಗಾದರೆ ಬಿ ಯಾಕೆ ಕಾಣಲಿಲ್ಲ? ಅದರ ಹಳೆಯ ಐಪಿ ವಿಳಾಸಕ್ಕೆ ಪಿಂಗ್ (ಇದ್ದೀಯಾ ಎಂದು ಕೇಳುವ ಪರೀಕ್ಷೆ) ಹೋಗುತ್ತಿರಲಿಲ್ಲ, ಪೋರ್ಟಿನ ಲಿಂಕ್ ದೀಪ ಮಾತ್ರ ಉರಿಯುತ್ತಿತ್ತು. ಅಂದರೆ ತಂತಿ ಸರಿ, ವಿಳಾಸ ತಪ್ಪು. ಈ ಕಂಟ್ರೋಲರ್‌ಗಳನ್ನು ತಾನಾಗಿ ಐಪಿ ಹಂಚುವ ಡಿಎಚ್‌ಸಿಪಿಗೆ ಬಿಟ್ಟಿದ್ದರೆ ಶುರುವಾಗುವಾಗ ವಿಳಾಸ ಕೇಳುತ್ತವೆ, ಯಾರೂ ಕೊಡದಿದ್ದರೆ ಕಾರ್ಖಾನೆಯ ವಿಳಾಸಕ್ಕೆ ಮರಳುತ್ತವೆ. ಮೊದಲ ಪೋರ್ಟಿಗೆ ಸಾಮಾನ್ಯವಾಗಿ ಎ ಕಡೆ 192.168.128.101, ಬಿ ಕಡೆ 192.168.128.102. ಹುಡುಗನಿಂದ ಲ್ಯಾಪ್‌ಟಾಪ್‌ಗೆ 192.168.128.150 ಕೊಡಿಸಿ, ಬಿ ಮ್ಯಾನೇಜ್‌ಮೆಂಟ್ ಪೋರ್ಟಿಗೆ ನೇರ ಕೇಬಲ್ ಹಾಕಿಸಿದೆ. 102ಕ್ಕೆ ಪಿಂಗ್ ಹೊಡೆದ ಕೂಡಲೇ ಉತ್ತರ ಬಂತು.

ಇದರ ಹಿಂದಿನ ಕಾರಣ ನನಗೆ ತುಂಬ ಮುಖ್ಯ ಅನ್ನಿಸಿತು. ಯಾರೋ ಹಿಂದೆ ಎ ಕಂಟ್ರೋಲರ್‌ಗೆ ಸ್ಥಿರ ಐಪಿ ಕೊಟ್ಟು, ಬಿಯನ್ನು ಡಿಎಚ್‌ಸಿಪಿಯಲ್ಲೇ ಬಿಟ್ಟಿದ್ದರು. ಆ ಡಿಎಚ್‌ಸಿಪಿ ಸರ್ವರ್ ಒಂದು ವರ್ಚುವಲ್ ಮಷೀನ್ (ಸಾಫ್ಟ್‌ವೇರ್‌ನಲ್ಲೇ ನಡೆಯುವ ಕಂಪ್ಯೂಟರ್), ಅದರ ಡಿಸ್ಕ್ ಇದ್ದದ್ದು ಇದೇ ಅರೇಯಲ್ಲಿ. ಅರೇ ಎದ್ದ ಮೇಲಷ್ಟೇ ಆ ಮಷೀನ್ ಏಳಬೇಕು. ಅರೇ ಏಳುತ್ತ ವಿಳಾಸ ಕೇಳಿದಾಗ ಕೊಡುವವರು ಇನ್ನೂ ನಿದ್ದೆಯಲ್ಲಿದ್ದರು. ವರ್ಷಗಟ್ಟಲೆ ಕರೆಂಟ್ ಪೂರ್ತಿ ಹೋಗದೆ ಇದ್ದದ್ದರಿಂದ ಇದು ಹೊರಬಿದ್ದಿರಲಿಲ್ಲ. ಎರಡೂ ಕಂಟ್ರೋಲರ್‌ಗೆ ಸ್ಥಿರ ಐಪಿ ಕೊಡಿಸಿ, ಆ ಎರಡು ಸಂಖ್ಯೆಗಳನ್ನು ಚೀಟಿಯಲ್ಲಿ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಲು ಹೇಳಿದೆ. ಅರೇಯ ಮ್ಯಾನೇಜ್‌ಮೆಂಟ್ ಪೋರ್ಟಿಗೆ ಡಿಎಚ್‌ಸಿಪಿ ಬೇಡವೇ ಬೇಡ ಎಂಬುದು ನನ್ನ ಖಚಿತ ಅಭಿಪ್ರಾಯ.

ಮ್ಯಾನೇಜ್‌ಮೆಂಟ್ ಸಾಫ್ಟ್‌ವೇರ್‌ನ ಪಟ್ಟಿಗೆ ಅರೇ ಸೇರಿಸುವಾಗಲೂ ಎರಡೂ ಕಂಟ್ರೋಲರ್‌ನ ಐಪಿ ಕೊಡಬೇಕು. ಒಂದನ್ನೇ ಕೊಟ್ಟು ಸೇರಿಸಿದರೆ ಅರೇ ಅರೆಬರೆ ಕಾಣುತ್ತದೆ, ಇನ್ನೊಂದು ಕಂಟ್ರೋಲರ್‌ನ ಕೆಲಸಗಳು ಅಲ್ಲಿಂದ ಆಗುವುದಿಲ್ಲ. ತಾನೇ ಹುಡುಕುವ ಆಯ್ಕೆ ಒತ್ತಿ ಏನೂ ಸಿಗದಿದ್ದರೆ ಗಾಬರಿ ಬೇಡ. ಆ ಹುಡುಕಾಟ ಬ್ರಾಡ್‌ಕಾಸ್ಟ್ ಮೂಲಕ, ಅಂದರೆ ಅದೇ ಜಾಲದ ಎಲ್ಲರಿಗೂ ಒಟ್ಟಿಗೆ ಕೂಗಿ, ನಡೆಯುವುದರಿಂದ ರೌಟರ್ ದಾಟುವುದಿಲ್ಲ. ನಿಮ್ಮ ಲ್ಯಾಪ್‌ಟಾಪ್ ಬೇರೆ ವಿಲ್ಯಾನ್‌ನಲ್ಲಿ (ನೆಟ್‌ವರ್ಕಿನ ಬೇರ್ಪಡಿಸಿದ ಭಾಗ) ಇದ್ದರೆ ಐಪಿ ಕೈಯಾರೆ ಕೊಡುವುದೊಂದೇ ದಾರಿ.

"ಪಿಂಗ್ ಹೋಗ್ತಿದೆ ಸಾರ್, ಆದ್ರೂ ಕನೆಕ್ಟ್ ಆಗ್ತಿಲ್ಲ" ಎಂಬುದು ಬೆಂಗಳೂರಿನ ಕಚೇರಿಗಳಿಂದ ಬರುವ ಮಾಮೂಲಿ ದೂರು. ಪಿಂಗ್ ಬರೀ ಐಸಿಎಂಪಿ, ಯಂತ್ರ ಎದ್ದಿದೆಯೇ ಎಂದಷ್ಟೇ ಕೇಳುವ ಸಂದೇಶ. ಸಾಫ್ಟ್‌ವೇರ್ ಮಾತಾಡುವ ಸಂಖ್ಯೆಯ ಬಾಗಿಲು, ಅಂದರೆ ಟಿಸಿಪಿ ಪೋರ್ಟ್, ತೆರೆದಿದೆಯೋ ಇಲ್ಲವೋ ಅದಕ್ಕೆ ಗೊತ್ತಿಲ್ಲ. ಸ್ಯಾಂಟ್ರಿಸಿಟಿಯ ಹಳೆಯ ಕ್ಲೈಂಟ್ (ಲ್ಯಾಪ್‌ಟಾಪಿನಲ್ಲಿ ಕೂರಿಸುವ ಪ್ರೋಗ್ರಾಂ) ಕಂಟ್ರೋಲರ್‌ನೊಂದಿಗೆ ಮಾತಾಡುವುದು ಟಿಸಿಪಿ 2463ರಲ್ಲಿ. ಬ್ರೌಸರ್‌ನಲ್ಲಿ ತೆರೆಯುವ ಹೊಸ ಸಿಸ್ಟಮ್ ಮ್ಯಾನೇಜರ್ ಕೇಳುವುದು 8443. ಪವರ್‌ಶೆಲ್‌ನ ಟೆಸ್ಟ್-ನೆಟ್‌ಕನೆಕ್ಷನ್‌ಗೆ ಐಪಿಯ ಜೊತೆ ಈ ಪೋರ್ಟ್ ಸಂಖ್ಯೆಯನ್ನೂ ಕೊಟ್ಟು ನೋಡಿ. ಪಿಂಗ್ ಸರಿ, ಪೋರ್ಟ್ ಫಾಲ್ಸ್ ಎಂದು ಬಂದರೆ ಬಹುಮಟ್ಟಿಗೆ ನಡುವೆ ಯಾವುದೋ ಫೈರ್‌ವಾಲ್ ಇರುತ್ತದೆ. ಆ ಫಲಿತಾಂಶದ ಚಿತ್ರ ಸಮೇತ ನೆಟ್‌ವರ್ಕ್ ತಂಡಕ್ಕೆ ಬರೆದರೆ ಅವರೂ ತಕರಾರಿಲ್ಲದೆ ಕೆಲಸ ಮಾಡಿಕೊಡುತ್ತಾರೆ. "ಸ್ಟೋರೇಜ್ ಕನೆಕ್ಟ್ ಆಗ್ತಿಲ್ಲ" ಎಂದಷ್ಟೇ ಬರೆದರೆ ಟಿಕೆಟ್ ತಿರುಗಿ ನಮ್ಮ ಕಡೆಗೇ ಬರುತ್ತದೆ.

ಇದಕ್ಕಿಂತ ಕಾಡುವುದು ಅರ್ಧ ಕನೆಕ್ಟ್ ಆಗುವ ತೊಂದರೆ. ಮನೆಯಿಂದ ವಿಪಿಎನ್ ಮೇಲೆ ಕೆಲಸ ಮಾಡುವವರಲ್ಲಿ ಇದನ್ನು ಕಂಡಿದ್ದೇನೆ. ಪಟ್ಟಿಯಲ್ಲಿ ಅರೇ ಹಸಿರಾಗಿ ಕಾಣುತ್ತದೆ, ಪಾಸ್‌ವರ್ಡ್ ಒಪ್ಪಿಕೊಳ್ಳುತ್ತದೆ, ಆಮೇಲೆ ಒಳಗಿನ ವಿಂಡೋ ಖಾಲಿ ಬೂದು ಬಣ್ಣದಲ್ಲಿ ನಿಂತುಬಿಡುತ್ತದೆ. ನೋಡಿದವರೆಲ್ಲ ಇದನ್ನು ಸಾಫ್ಟ್‌ವೇರ್‌ನ ಡಿಸ್‌ಪ್ಲೇ ದೋಷ ಅನ್ನುತ್ತಾರೆ, ಎಷ್ಟೋ ಸಲ ಅದು ಪ್ಯಾಕೆಟ್ ಗಾತ್ರದ ತೊಂದರೆ. ಸಣ್ಣ ಪ್ಯಾಕೆಟ್‌ಗಳು ವಿಪಿಎನ್ ದಾಟುತ್ತವೆ, ಡಿಸ್ಕ್ ವಾಲ್ಯೂಮ್‌ಗಳ ವಿವರ ಹೊತ್ತ ದೊಡ್ಡವು ದಾರಿಯಲ್ಲೇ ಬೀಳುತ್ತವೆ. ವಿಂಡೋಸ್‌ನಲ್ಲಿ ಪ್ಯಾಕೆಟ್ ಒಡೆಯಬಾರದು ಎಂಬ ಆಯ್ಕೆ ಹಾಕಿ 1472 ಬೈಟ್‌ನ ಪಿಂಗ್ ಕಳಿಸಬೇಕು. ಅದಕ್ಕೆ ಹೆಡರ್‌ನ 28 ಸೇರಿ ಈಥರ್ನೆಟ್‌ನ ಮಾಮೂಲಿ ಮಿತಿಯಾದ 1500 ಆಗುತ್ತದೆ. ಅದು ಹೋಗದೆ 1372 ಹೋದರೆ ನನ್ನ ಅನುಮಾನ ನಿಜವಾದಂತೆ. ವಿಪಿಎನ್ ನೋಡಿಕೊಳ್ಳುವವರು ಟಿಸಿಪಿ ತುಂಡಿನ ಗಾತ್ರಕ್ಕೆ ಮಿತಿ ಹಾಕಿದ ಮೇಲೆ ಅದೇ ವಿಂಡೋ ಸಲೀಸಾಗಿ ತುಂಬಿಕೊಳ್ಳುತ್ತದೆ.

ಹೀಗೆ ಕನೆಕ್ಷನ್ ತೊಂದರೆ ಡಿಸ್‌ಪ್ಲೇ ತೊಂದರೆಯ ವೇಷದಲ್ಲಿ ಬರುವುದರಿಂದ ಎರಡನ್ನೂ ಬೇರ್ಪಡಿಸುವ ಪರೀಕ್ಷೆ ಬೇಕು. ನನ್ನದು ಕಮಾಂಡ್ ಲೈನ್. ಕ್ಲೈಂಟ್ ಜೊತೆಗೇ ಬರುವ ಎಸ್‌ಎಂ ಸಿಎಲ್‌ಐನಿಂದ, ಅದೇ ಲ್ಯಾಪ್‌ಟಾಪಿನಿಂದ, ಅದೇ ಐಪಿಗಳಿಗೆ ಅರೇಯ ಹೆಲ್ತ್ ಸ್ಟೇಟಸ್ ಮತ್ತು ಪೂರ್ತಿ ಪ್ರೊಫೈಲ್ ಕೇಳುತ್ತೇನೆ. ಪ್ರೊಫೈಲ್ ಯಾಕೆಂದರೆ ಅದು ಉದ್ದನೆಯ ಉತ್ತರ, ದೊಡ್ಡ ಪ್ಯಾಕೆಟ್‌ಗಳೂ ದಾಟಬೇಕಾಗುತ್ತದೆ. ಎರಡೂ ತಡವಿಲ್ಲದೆ ಬಂದರೆ ದಾರಿ ಚೆನ್ನಾಗಿದೆ, ಕೆಟ್ಟಿರುವುದು ಬರೀ ಚಿತ್ರ. ಸಿಎಲ್‌ಐ ಕೂಡ ತಡವರಿಸಿದರೆ ಚಿತ್ರದ ಬಗ್ಗೆ ತಲೆಕೆಡಿಸಿಕೊಳ್ಳಬೇಡಿ, ದಾರಿ ನೋಡಿ.

ಚಿತ್ರವೇ ಕೆಟ್ಟಿದ್ದರೆ ಹಳೆಯ ಕ್ಲೈಂಟ್‌ಗಳಲ್ಲಿ ಮೊದಲು ನೋಡಬೇಕಾದದ್ದು ಜಾವಾ. ಹೊಸ ಲ್ಯಾಪ್‌ಟಾಪಿನ ಹೈ ರೆಸಲ್ಯೂಷನ್ ಪರದೆಯಲ್ಲಿ ಅಕ್ಷರಗಳು ಇರುವೆ ಸಾಲಿನಂತೆ ಕಾಣುತ್ತವೆ. ವಿಂಡೋಸ್‌ನಲ್ಲಿ ಇಂಥ ಪರದೆಗೆ ತಕ್ಕಂತೆ ಹಿಗ್ಗುವ ಗುಣ ಜಾವಾಕ್ಕೆ ಬಂದದ್ದು 2017ರ ಒಂಬತ್ತನೇ ಆವೃತ್ತಿಯಲ್ಲಿ. ಕಂಪ್ಯೂಟರಿನ ಜಾವಾ ಅಪ್‌ಡೇಟ್ ಮಾಡಿದರೂ ಏನೂ ಬದಲಾಗದು, ಯಾಕೆಂದರೆ ಈ ಕ್ಲೈಂಟ್‌ಗಳು ತಮ್ಮದೇ ಹಳೆಯ ಜಾವಾವನ್ನು ತಮ್ಮ ಫೋಲ್ಡರ್‌ನಲ್ಲೇ ಇಟ್ಟುಕೊಂಡಿರುತ್ತವೆ. ಆ ಫೋಲ್ಡರ್‌ಗೆ ಹೋಗಿ, ಅಲ್ಲಿನ ಜಾವಾ ಫೈಲಿನ ಪ್ರಾಪರ್ಟೀಸ್‌ನಲ್ಲಿ ಕಂಪ್ಯಾಟಿಬಿಲಿಟಿ ತೆರೆದು, ಹೈ ಡಿಪಿಐ ಹೊಣೆಯನ್ನು ಅಪ್ಲಿಕೇಷನ್‌ನಿಂದ ಸಿಸ್ಟಮ್‌ಗೆ ಬದಲಿಸಿದರೆ ಅಕ್ಷರ ಓದುವಷ್ಟು ದೊಡ್ಡದಾಗುತ್ತದೆ. ಸ್ವಲ್ಪ ಮಸುಕಾಗಿರುತ್ತದೆ, ಆದರೆ ಯಾವ ವಾಲ್ಯೂಮ್ ಅಳಿಸುತ್ತಿದ್ದೇವೆ ಎಂದು ಸರಿಯಾಗಿ ಓದಲಾಗದೆ ಕ್ಲಿಕ್ ಮಾಡುವುದಕ್ಕಿಂತ ಮಸುಕು ಎಷ್ಟೋ ವಾಸಿ.

ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಮೆನು ಅರ್ಧ ಬಿಳಿಯಾಗಿ ನಿಂತರೆ, ಜಾವಾ ಶುರುವಾಗುವ ಸಾಲಿನಲ್ಲಿ ಡೈರೆಕ್ಟ್‌ಡ್ರಾ, ಡೈರೆಕ್ಟ್3ಡಿ ಬಳಕೆ ನಿಲ್ಲಿಸುವ ಆಯ್ಕೆ ಸೇರಿಸಿ. ಎರಡು ಮಾನಿಟರ್ ಇದ್ದವರು ಒಂದನ್ನು ಕಿತ್ತ ಮೇಲೆ ವಿಂಡೋ ಕಾಣೆಯಾದರೆ ಆಲ್ಟ್ ಜೊತೆ ಸ್ಪೇಸ್, ಆಮೇಲೆ ಎಂ, ಆಮೇಲೆ ಬಾಣದ ಕೀಲಿ ಒತ್ತಿ ಎಳೆದುಕೊಳ್ಳಬಹುದು. ಲಿನಕ್ಸ್‌ನಲ್ಲಿ ವಿಂಡೋ ಬರದಿದ್ದರೆ ಡಿಸ್‌ಪ್ಲೇ ವೇರಿಯಬಲ್ (ವಿಂಡೋ ಯಾವ ಪರದೆಗೆ ಎಂದು ಹೇಳುವುದು), ಫಾಂಟ್‌ಕಾನ್ಫಿಗ್ (ಅಕ್ಷರಶೈಲಿ ಹುಡುಕಿಕೊಡುವುದು), ಮತ್ತು ಕೂರಿಸಿರುವ ಜಾವಾ ಹೆಡ್‌ಲೆಸ್ (ವಿಂಡೋ ತೋರಿಸಲಾಗದ) ಆವೃತ್ತಿಯೇ ಎಂಬುದು, ಸಾಮಾನ್ಯವಾಗಿ ಈ ಮೂರರಲ್ಲಿ ಒಂದು ಕಾರಣವಾಗಿರುತ್ತದೆ.

ಬ್ರೌಸರ್‌ನಲ್ಲಿ ತೆರೆಯುವ ಹಳೆಯ ಅರೇಗಳ ಕಥೆ ಬೇರೆ. ಜಾವಾ ಆ್ಯಪ್ಲೆಟ್ ನಡೆಸುತ್ತಿದ್ದ ಪ್ಲಗಿನ್ ಬೆಂಬಲವನ್ನು ಕ್ರೋಮ್ 2015ರಲ್ಲಿ, ಫೈರ್‌ಫಾಕ್ಸ್ 2017ರಲ್ಲಿ ನಿಲ್ಲಿಸಿದವು. ಫ್ಲ್ಯಾಶ್ 2020ರ ಕೊನೆಗೆ ಮುಗಿಯಿತು. 2021ರ ಏಪ್ರಿಲ್‌ನ ಅಪ್‌ಡೇಟ್‌ಗಳಿಂದ ಜಾವಾ ಕೂಡ ಸಂಪರ್ಕವನ್ನು ಗುಪ್ತವಾಗಿಡುವ ಟಿಎಲ್‌ಎಸ್‌ನ ಹಳೆಯ 1.0, 1.1 ಆವೃತ್ತಿಗಳು ಬೇಡ ಎಂದಿತು. ಅರೇ ನಿನ್ನೆಯಷ್ಟೇ ಚೆನ್ನಾಗಿದೆ, ಬದಲಾದದ್ದು ನಮ್ಮ ಲ್ಯಾಪ್‌ಟಾಪ್. ಇಲ್ಲಿ ಹಲವರು ಜಾವಾದ ಸೆಕ್ಯುರಿಟಿ ಫೈಲ್ ತೆರೆದು ನಿಷೇಧಿತ ಪಟ್ಟಿಯಿಂದ ಹಳೆಯ ಟಿಎಲ್‌ಎಸ್ ತೆಗೆದುಬಿಡುತ್ತಾರೆ. ದಿನವೂ ಮೇಲ್ ನೋಡುವ, ಬ್ಯಾಂಕಿನ ಪುಟ ತೆರೆಯುವ ಯಂತ್ರದಲ್ಲಿ ಇದನ್ನು ದಯವಿಟ್ಟು ಮಾಡಬೇಡಿ. ಒಂದು ಪ್ರತ್ಯೇಕ ವರ್ಚುವಲ್ ಮಷೀನ್ ಇಟ್ಟು, ಹಳೆಯ ಬ್ರೌಸರ್, ಹಳೆಯ ಜಾವಾ ಅದರಲ್ಲೇ ಇರಲಿ. ಅದಕ್ಕೆ ಮ್ಯಾನೇಜ್‌ಮೆಂಟ್ ವಿಲ್ಯಾನ್ ಬಿಟ್ಟು ಬೇರೆ ಯಾವ ದಾರಿಯೂ ಇರದಿರಲಿ, ಇಂಟರ್ನೆಟ್ ಅಂತೂ ಬೇಡ. ಆ ಮಷೀನನ್ನು ಇದೇ ಅರೇಯ ಡಿಸ್ಕಿನಲ್ಲಿ ಇಡಬೇಡಿ. ಹುಬ್ಬಳ್ಳಿಯ ಡಿಎಚ್‌ಸಿಪಿಗೆ ಆದದ್ದೇ ಅದಕ್ಕೂ ಆಗುತ್ತದೆ.

ಸರ್ವರ್ ಮೂಲಕವೇ, ಡೇಟಾ ದಾರಿಯಲ್ಲೇ ಅರೇ ನೋಡುವ ಇನ್‌ಬ್ಯಾಂಡ್ ವಿಧಾನವೂ ಇದೆ. ಅದನ್ನು ಬಳಸುವ ಕಡೆ ವಿಂಡೋಸ್ ಡಿಸ್ಕ್ ಪಟ್ಟಿಯಲ್ಲಿ 20 ಎಂಬಿಯ ಗುರುತಿಲ್ಲದ ಡಿಸ್ಕೊಂದು ಕಾಣಬಹುದು. ಅದು ಕ್ಲೈಂಟ್ ಮತ್ತು ಕಂಟ್ರೋಲರ್ ಮಾತಾಡುವ ಆ್ಯಕ್ಸೆಸ್ ವಾಲ್ಯೂಮ್. ಇನಿಷಿಯಲೈಸ್ ಮಾಡಲೇ ಎಂದು ವಿಂಡೋಸ್ ಕೇಳಿದರೆ ಬೇಡ ಅನ್ನಿ.

ಎಲ್ಲ ನೋಡಿಯೂ ಬಗೆಹರಿಯದಿದ್ದರೆ ಸಪೋರ್ಟ್‌ಗೆ ಕರೆ ಮಾಡುವ ಮುನ್ನ ಗಡಿಯಾರ ನೋಡಿ. ಕಂಟ್ರೋಲರ್‌ನ ಸಮಯ, ಸರ್ವರ್ ಸಮಯ, ಲ್ಯಾಪ್‌ಟಾಪ್ ಸಮಯ ಮೂರೂ ಬೇರೆಯಾಗಿದ್ದರೆ ಈವೆಂಟ್ ಲಾಗ್‌ನಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂದು ಯಾರಿಗೂ ಹೊಂದಿಸಲಾಗುವುದಿಲ್ಲ. ಎಷ್ಟು ವ್ಯತ್ಯಾಸ ಇದೆ ಎಂದು ಮೊದಲು ಬರೆದಿಟ್ಟುಕೊಳ್ಳಿ, ಸಪೋರ್ಟ್ ಬಂಡಲ್ (ಲಾಗ್‌ಗಳ ಕಟ್ಟು) ತೆಗೆಯಿರಿ, ಆಮೇಲೆ ಕಂಟ್ರೋಲರ್ ಗಡಿಯಾರ ಹೊಂದಿಸುವ ಆಯ್ಕೆ ಒತ್ತಿ. ಮೊದಲೇ ಹೊಂದಿಸಿಬಿಟ್ಟರೆ ಹಳೆಯ ಲಾಗ್‌ನ ಸಮಯವನ್ನು ಲೆಕ್ಕಹಾಕಲು ಬೇಕಾದ ಆ ವ್ಯತ್ಯಾಸವೇ ಕೈತಪ್ಪುತ್ತದೆ.