ಪಾಲುದಾರಿಕೆಗೆ ಮೊದಲು ಬೇರೆ ಬೇರೆ ಕೂತು ಬರೆಯಿರಿ

ಸ್ನೇಹಿತರ ಜೊತೆ ಸೇರಿ ಹೋಟೆಲೋ ಅಂಗಡಿಯೋ ಶುರು ಮಾಡುವವರು ಜಾಗಕ್ಕೆ ಅಡ್ವಾನ್ಸ್ ಕೊಡುವ ಮೊದಲು ಇದೊಂದು ಮಾಡಿ: ಐದು ಪ್ರಶ್ನೆಗೆ ಇಬ್ಬರೂ ಬೇರೆ ಬೇರೆ ಕೂತು, ಒಬ್ಬರದ್ದು ಇನ್ನೊಬ್ಬರು ನೋಡದೆ ಉತ್ತರ ಬರೆದು, ಆಮೇಲೆ ಹಾಳೆ ಬದಲಾಯಿಸಿಕೊಳ್ಳಿ. ಪ್ರಶ್ನೆಗಳು ಇವು: ತಿಂಗಳಿಗೆ ನನ್ನ ಮನೆಗೆ ಎಷ್ಟು ಬೇಕು, ಲಾಭ ಬರದಿದ್ದರೆ ಎಷ್ಟು ದಿನ ತಡೆಯುತ್ತೇನೆ, ಇನ್ನೂ ದುಡ್ಡು ಬೇಕಾದರೆ ಯಾರು ತರುತ್ತಾರೆ, ಮನೆಯವರು ಗಲ್ಲಾದಲ್ಲಿ ಕೂರಬಹುದಾ, ಒಬ್ಬರು ಬಿಟ್ಟು ಹೋದರೆ ಲೆಕ್ಕ ಹೇಗೆ. ಎದುರು ಕೂತು ಮಾತಾಡಿದರೆ ದಾಕ್ಷಿಣ್ಯಕ್ಕೆ ‘ನೋಡೋಣ ಬಿಡು’ ಅಂದುಬಿಡುತ್ತೇವೆ, ಅಲ್ವಾ? ಹಾಳೆಯಲ್ಲಿ ಒಬ್ಬರು ‘6 ತಿಂಗಳು’, ಇನ್ನೊಬ್ಬರು ‘2 ವರ್ಷ’ ಅಂತ ಬರೆದಿದ್ದರೆ ಅಲ್ಲೇ ಕಣ್ಣಿಗೆ ಬೀಳುತ್ತದೆ. ಸಂಬಳದ ಮಾತನ್ನಂತೂ ಸುಮ್ನೆ ಬಿಡಬೇಡಿ. 1932ರ ಪಾಲುದಾರಿಕೆ ಕಾಯ್ದೆ ಪ್ರಕಾರ, ಬೇರೆ ಒಪ್ಪಂದ ಇಲ್ಲದಿದ್ದರೆ ಲಾಭ ನಷ್ಟ ಎರಡೂ ಸಮಪಾಲು, ದುಡಿಮೆಗೆ ಸಂಬಳ ಇಲ್ಲ. ಅಂದರೆ ಬೆಳಿಗ್ಗೆ 5 ಗಂಟೆಗೆ ಬಂದು ಇಡ್ಲಿ ತಟ್ಟೆಗೆ ಹಿಟ್ಟು ಹಾಕುವವರಿಗೂ, ದುಡ್ಡು ಹಾಕಿ ವಾರಕ್ಕೊಮ್ಮೆ ಬಂದು ಕಾಫಿ ಕುಡಿದು ಹೋಗುವವರಿಗೂ ಒಂದೇ ಲೆಕ್ಕ! ಅದಕ್ಕೇ ಇಬ್ಬರೂ ಒಪ್ಪಿದ್ದನ್ನು ಪಾಲುದಾರಿಕೆ ಪತ್ರದಲ್ಲಿ ಬರೆಸಿಬಿಡಿ. ಅಣ್ಣತಮ್ಮಂದಿರು, ಭಾವ ಭಾಮೈದ ಸೇರಿದಾಗ ಮಾತ್ರ ಈ ಬೇರೆ ಬೇರೆ ಕೂತು ಬರೆಯೋದು ಅಷ್ಟು ಕೆಲಸ ಮಾಡುವುದಿಲ್ಲ, ಚಿಕ್ಕವರು ದೊಡ್ಡವರಿಗೆ ಬೇಜಾರಾಗದ ಹಾಗೆ ಬರೆದುಬಿಡುತ್ತಾರೆ. ಅಂಥ ಕಡೆ ಇಬ್ಬರಿಗೂ ನಂಬಿಕೆ ಇರುವ ಆಡಿಟರ್ ಒಬ್ಬರು ಒಬ್ಬೊಬ್ಬರನ್ನೇ ಕೂರಿಸಿಕೊಂಡು ಕೇಳಿ ಬರೆದುಕೊಳ್ಳಲಿ.