ಎರಡನೇ ಸಲ ಕರೆದವರಿಗೆ ಮಾತ್ರ

ಉಡುಪಿ ಸಮೀಪದ ಕಟಪಾಡಿಯ ನಮ್ಮ ಮನೆಯಲ್ಲಿ ಬೇಡದ ಕರೆಗಳ ಕಾಟ ಹೆಚ್ಚಾಗುವುದು ಮಧ್ಯಾಹ್ನದ ಊಟದ ಬಳಿಕ, ಅತ್ತೆ ಸ್ವಲ್ಪ ಅಡ್ಡವಾಗುವ ಹೊತ್ತಿಗೆ. ಸಾಲ, ವಿಮೆ, ಎಲ್ಲಿಯದೋ ಬಡಾವಣೆಯ ಸೈಟು, ಹೆಚ್ಚಿನವು ಹಿಂದಿಯಲ್ಲಿ. ಅತ್ತೆಗೆ ಹಿಂದಿ ಬಾರದು. ಆದರೂ ಎದುರಿನವರು ಮಾತಾಡುತ್ತಿರುವಾಗ ಫೋನ್ ಇಟ್ಟುಬಿಡುವುದು ಮರ್ಯಾದೆಯಲ್ಲ ಎಂದು ಕೇಳುತ್ತಲೇ ಇರುತ್ತಾರೆ. ಮಾವನ ಕ್ರಮ ಬೇರೆ. ಅವರು ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದವರು. ಬಡ್ಡಿ ಪೂರ್ತಿ ಅಸಲಿನ ಮೇಲೋ ಇಳಿಯುವ ಬಾಕಿಯ ಮೇಲೋ, ಪ್ರೊಸೆಸಿಂಗ್ ಶುಲ್ಕ ಎಷ್ಟು, ಅವಧಿಗೆ ಮೊದಲೇ ತೀರಿಸಿದರೆ ದಂಡವಿದೆಯೇ ಎಂದು ಕೇಳಿ ಕೇಳಿ, ಆ ಕಡೆಯವರೇ ಫೋನ್ ಇಡುವಂತೆ ಮಾಡುತ್ತಾರೆ. ಅವರ ಮೊಬೈಲಿಗೆ ನಾನು ಕೈ ಹಾಕಲಿಲ್ಲ. ಅವರಿಗೆ ಅದೊಂದು ಮನರಂಜನೆ. ಕೆಲಸವಿದ್ದದ್ದು ಅತ್ತೆಯ ಮೊಬೈಲಿನಲ್ಲಿ ಮತ್ತು ನನ್ನದರಲ್ಲಿ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ. ಬೇಡದ ಕರೆಗಳನ್ನು ತಡೆಯಲೆಂದೇ ಇರುವ 1909 ಸಂಖ್ಯೆಗೆ ಇಂಗ್ಲಿಷ್ ಅಕ್ಷರಗಳಲ್ಲಿ ‘ಸ್ಟಾರ್ಟ್’ ಎಂದು ಬರೆದು, ಒಂದು ಜಾಗ ಬಿಟ್ಟು ಸೊನ್ನೆ ಹಾಕಿ ಸಂದೇಶ ಕಳುಹಿಸಿದೆ. ಜಾಹೀರಾತಿನ ಕರೆ, ಸಂದೇಶ ಯಾವುದೂ ಬೇಡ ಎಂದು ಇದರರ್ಥ. ಬ್ಯಾಂಕಿನ ಒಟಿಪಿ, ಖಾತೆಯ ಸಂದೇಶಗಳು ನಿಲ್ಲುವುದಿಲ್ಲ, ಆ ಭಯ ಬೇಡ. ನೋಂದಾಯಿತ ಕಂಪನಿಗಳ ಕಾಟ ಇದರಿಂದ ನಿಜವಾಗಿಯೂ ಇಳಿಯಿತು. ಜಾಹೀರಾತಿನ ಕರೆಗಳಿಗೆ 140ರಿಂದ ಆರಂಭವಾಗುವ ಸಂಖ್ಯೆಗಳನ್ನೂ, ಬ್ಯಾಂಕು, ವಿಮೆಯಂಥ ಸಂಸ್ಥೆಗಳ ಸೇವಾ ಕರೆಗಳಿಗೆ 1600ರಿಂದ ಆರಂಭವಾಗುವ ಸಂಖ್ಯೆಗಳನ್ನೂ ಮೀಸಲಿಟ್ಟಿದ್ದಾರೆ. ಇದನ್ನು ಅತ್ತೆಗೆ ಹೇಳಿಕೊಟ್ಟದ್ದು ಉಪಯೋಗವಾಯಿತು. ತೊಂದರೆಯಿರುವುದು ಸಾಮಾನ್ಯ ಹತ್ತಂಕಿಯ ಮೊಬೈಲ್‌ನಿಂದ ಕರೆಯುವವರದ್ದು. ಅವರು ಯಾವ ಪಟ್ಟಿಯನ್ನೂ ನೋಡುವುದಿಲ್ಲ. ಇವತ್ತಿನ ಸಂಖ್ಯೆಯನ್ನು ಬ್ಲಾಕ್ ಮಾಡಿದರೆ ನಾಳೆ ಇನ್ನೊಂದು ಸಂಖ್ಯೆ.

ಅಂಥವರ ಮೇಲೆ ದೂರು ಕೊಡುವುದನ್ನು ನಾನು ಬಿಟ್ಟಿಲ್ಲ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್, ಇಂಥ ಕರೆಗಳ ಕುರಿತ ತನ್ನ 2018ರ ನಿಯಮಗಳನ್ನು 2025ರ ಫೆಬ್ರುವರಿಯಲ್ಲಿ ತಿದ್ದಿದ ಮೇಲೆ ದೂರಿಗೆ ಸ್ವಲ್ಪ ತೂಕ ಬಂದಿದೆ. ಕರೆ ಬಂದ ಏಳು ದಿನಗಳೊಳಗೆ ದೂರು ಕೊಡಬಹುದು, ಮೊದಲು ಮೂರೇ ದಿನವಿತ್ತು. ಒಬ್ಬನ ಮೇಲೆ ಹತ್ತು ದಿನಗಳಲ್ಲಿ ಐದು ದೂರು ಬಂದರೂ ಕ್ರಮಕ್ಕೆ ಸಾಕು. ‘ನಾನೊಬ್ಬಳು ದೂರಿದರೆ ಏನಾದೀತು’ ಎನ್ನುವವರಿಗೆ ಇದೇ ಉತ್ತರ. ಹಾಗೆಂದು ದೂರಿನಿಂದ ಮನೆ ನಿಶ್ಶಬ್ದವಾಗುವುದಿಲ್ಲ. ಅದು ಊರಿಗೆ ಮಾಡುವ ಉಪಕಾರ, ನಮ್ಮ ಮಧ್ಯಾಹ್ನದ ನಿದ್ದೆಗೆ ಬೇರೆ ದಾರಿಯೇ ಬೇಕು.

ಗೊತ್ತಿಲ್ಲದ ಸಂಖ್ಯೆಗಳನ್ನೆಲ್ಲ ಮುಚ್ಚಿಬಿಡು ಎಂದು ನಾದಿನಿ ಮುಂಬಯಿಯಿಂದ ಸಲಹೆ ಕೊಟ್ಟಳು. ನಮ್ಮ ಕಡೆಯ ಮನೆಗಳಲ್ಲಿ ಅದು ನಡೆಯುವ ಮಾತಲ್ಲ. ಮೈದುನ ದೋಹಾದಲ್ಲಿದ್ದಾನೆ, ಕೆಲವೊಮ್ಮೆ ಜೊತೆಯವರ ಫೋನಿನಿಂದ ಕರೆಯುತ್ತಾನೆ. ತೆಂಗಿನಕಾಯಿ ಕೀಳುವವರು ಸಿಮ್ ಬದಲಿಸುತ್ತಾರೆ. ಗ್ಯಾಸ್ ತರುವ ಹುಡುಗ ಗೇಟಿನ ಹೊರಗೆ ನಿಂತು ತನ್ನ ಸ್ವಂತ ಮೊಬೈಲಿನಿಂದಲೇ ಕರೆಯುವುದು.

ಕೊನೆಗೆ ಕೈಹಿಡಿದದ್ದು ಫೋನಿನೊಳಗೇ ಇರುವ ‘ಡು ನಾಟ್ ಡಿಸ್ಟರ್ಬ್’ ವ್ಯವಸ್ಥೆ. 1909ರ ನೋಂದಣಿಗೂ ಇದಕ್ಕೂ ಸಂಬಂಧವಿಲ್ಲ. ಕರೆಯುವವರನ್ನು ಒಬ್ಬೊಬ್ಬರಾಗಿ ಅಟ್ಟುತ್ತ ಹೋಗುವ ಬದಲು, ಯಾರ ಕರೆಗೆ ಮಾತ್ರ ಗಂಟೆ ಬಾರಿಸಬೇಕೆಂದು ನಾವೇ ನಿರ್ಧರಿಸುವುದು. ಅತ್ತೆಯ ಆಂಡ್ರಾಯ್ಡ್ ಫೋನಿನಲ್ಲಿ ಇದನ್ನು ಮಧ್ಯಾಹ್ನಕ್ಕೂ ರಾತ್ರಿಗೂ ತಾನಾಗಿ ಶುರುವಾಗುವಂತೆ ಇಟ್ಟೆ. ಕರೆಗಳ ವಿಭಾಗದಲ್ಲಿ, ಉಳಿಸಿಕೊಂಡ ಸಂಖ್ಯೆಗಳಿಗೆ ಮಾತ್ರ ಅನುಮತಿ. ಅದರ ಕೆಳಗೆ, ಪದೇ ಪದೇ ಕರೆಯುವವರಿಗೆ ಅನುಮತಿ ಕೊಡುವ ಇನ್ನೊಂದು ಆಯ್ಕೆ ಇದೆ. ಒಂದೇ ಸಂಖ್ಯೆಯಿಂದ ಹದಿನೈದು ನಿಮಿಷಗಳೊಳಗೆ ಎರಡನೇ ಸಲ ಕರೆ ಬಂದರೆ ಫೋನ್ ರಿಂಗಾಗುತ್ತದೆ. ನನ್ನ ಐಫೋನಿನಲ್ಲಿಯೂ ಇದು ಇದೆ, ಅಲ್ಲಿ ಮೂರು ನಿಮಿಷ. ಇಡೀ ಪರಿಹಾರದ ಜೀವ ಇರುವುದು ಈ ಆಯ್ಕೆಯಲ್ಲಿ. ಸಾಲ ಮಾರುವವನ ಮುಂದೆ ಸಂಖ್ಯೆಗಳ ಉದ್ದದ ಪಟ್ಟಿ ಇರುತ್ತದೆ, ಎತ್ತದವರನ್ನು ಬಿಟ್ಟು ಮುಂದಿನವರಿಗೆ ಹೋಗುತ್ತಾನೆ. ಗೇಟಿನ ಹೊರಗೆ ಸಿಲಿಂಡರ್ ಹೊತ್ತು ನಿಂತವನು ಮಾತ್ರ ಬಿಡದೆ ಮತ್ತೆ ಕರೆಯುತ್ತಾನೆ. ಮೈದುನನಿಗೆ ಒಂದೇ ಮಾತು ಹೇಳಿದೆ: ಬೇರೆಯವರ ಫೋನಾದರೆ ಎರಡು ಸಲ ಮಾಡು.

ಇದಕ್ಕೆ ಮೊದಲು ಬೇಕಾದವರ ಸಂಖ್ಯೆಗಳನ್ನು ಉಳಿಸಿಕೊಳ್ಳಬೇಕು. ಒಂದು ಸಂಜೆ ಅತ್ತೆಯ ಜೊತೆ ಕೂತು ಬರೆದುಕೊಂಡೆವು: ಆಟೊದವರು, ಕ್ಲಿನಿಕ್ಕು, ದೇವಸ್ಥಾನದ ಕಚೇರಿ, ಮಲ್ಪೆಯಿಂದ ಮೀನು ತರುವ ಅಕ್ಕ. ಜೂನ್‌, ಜುಲೈಯ ಟ್ರಾಲಿಂಗ್ ನಿಷೇಧದಲ್ಲಿ ಆ ಅಕ್ಕನ ಕರೆ ಅಪರೂಪ, ಆದರೂ ಪಟ್ಟಿಯಲ್ಲಿ ಮೊದಲ ಹೆಸರು ಅವರದ್ದೇ ಆಗಬೇಕೆಂದು ಅತ್ತೆಯ ಹಟ. ವಾಟ್ಸ್ಆ್ಯಪ್‌ನಲ್ಲಿ ಬೇರೆಯೇ ಬಾಗಿಲು ಇದೆ. ಸೆಟ್ಟಿಂಗ್ಸ್‌ನ ಪ್ರೈವೆಸಿಯೊಳಗೆ, ಕರೆಗಳು ಎಂಬಲ್ಲಿ, ಅಪರಿಚಿತರ ಕರೆಯನ್ನು ಸದ್ದಿಲ್ಲದಂತೆ ಮಾಡಬಹುದು. ಅದನ್ನೂ ಮಾಡಿಟ್ಟೆ. ಇನ್ನು ಜವಳಿ ಅಂಗಡಿಯ ಬಿಲ್ಲಿನ ಕೌಂಟರಿನಲ್ಲಿ, ಹಬ್ಬದ ಲಕ್ಕಿ ಡ್ರಾ ಚೀಟಿಯಲ್ಲಿ ನಂಬರ್ ಬರೆಯುವುದನ್ನು ನಾನು ನಿಲ್ಲಿಸಿದ್ದೇನೆ. ನಂಬರ್ ಕೊಡದೆ ಬಿಲ್ ಆಗುವುದಿಲ್ಲ ಎಂದವರು ನಾನು ಸೀರೆ ಕೆಳಗಿಟ್ಟ ಕೂಡಲೇ ಬಿಲ್ ಮಾಡಿದ್ದಾರೆ.

ವಂಚನೆಯ ಕರೆಗಳನ್ನು ಇದೇ ಗುಂಪಿಗೆ ಸೇರಿಸುವಂತಿಲ್ಲ. ‘ಎರಡು ಗಂಟೆಯಲ್ಲಿ ನಿಮ್ಮ ಸಂಪರ್ಕ ಕಡಿತ, ಒಂಬತ್ತನ್ನು ಒತ್ತಿ’ ಎಂದು ಟ್ರಾಯ್ ಹೆಸರಿನಲ್ಲಿ ಬರುವ ಧ್ವನಿ ಸುಳ್ಳು, ಟ್ರಾಯ್ ಹಾಗೆ ಯಾರಿಗೂ ಕರೆ ಮಾಡುವುದಿಲ್ಲ. ವಿಡಿಯೊ ಕರೆಯಲ್ಲಿ ಕೂರಿಸಿ ಬಂಧಿಸುವ ‘ಡಿಜಿಟಲ್ ಅರೆಸ್ಟ್’ ಎಂಬುದು ಕಾನೂನಿನಲ್ಲೇ ಇಲ್ಲ. ಇಂಥ ಕರೆಗಳನ್ನು ಕೇಂದ್ರ ದೂರಸಂಪರ್ಕ ಇಲಾಖೆಯ ಜಾಲತಾಣವಾದ ಸಂಚಾರ ಸಾಥಿಯ ‘ಚಕ್ಷು’ ವಿಭಾಗದಲ್ಲಿ ತಿಳಿಸುತ್ತೇನೆ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಈ ಸಂಖ್ಯೆಯನ್ನು ದಪ್ಪ ಅಕ್ಷರದಲ್ಲಿ ಬರೆದು ಫ್ರಿಜ್ ಮೇಲೆ ಅಂಟಿಸಿದ್ದೇವೆ.

ಫೋನ್ ಸುಮ್ಮನಾದ ಮೇಲೆ ಮನೆಯ ಉಳಿದ ಯಂತ್ರಗಳ ಸದ್ದು ಕೇಳತೊಡಗಿತು. ಕರೆಂಟು ಹೋಗಿ ಬಂದಾಗಲೆಲ್ಲ ರೂಟರ್ ಮತ್ತೆ ಎಚ್ಚರಗೊಳ್ಳಲು ಕೆಲವು ನಿಮಿಷ ಬೇಕು. ಅಷ್ಟರಲ್ಲಿ ಮಾವನ ಕೂಗು: “ನೆಟ್ ಹೋಯಿತು, ನೆಟ್ಟೇ ಇಲ್ಲ!” ರೂಟರಿಗೆಂದೇ ಸಿಗುವ ಪುಟ್ಟ ಯುಪಿಎಸ್ ತಂದೆ. ಕೊಳ್ಳುವ ಮೊದಲು ರೂಟರಿನ ಅಡಾಪ್ಟರ್ ಮೇಲೆ ಬರೆದಿರುವ ವೋಲ್ಟೇಜನ್ನು ನೋಡಿಕೊಳ್ಳಬೇಕು, 12 ವೋಲ್ಟಿನದ್ದೂ ಇದೆ, 9 ವೋಲ್ಟಿನದ್ದೂ ಇದೆ. ಏಪ್ರಿಲ್, ಮೇ ತಿಂಗಳ ಸಂಜೆ ಗುಡುಗಿದರೆ ಯುಪಿಎಸ್ಸಿನ ಪ್ಲಗ್ಗನ್ನೂ ಕಿತ್ತಿಡುತ್ತೇನೆ. ಫೈಬರಿನ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯದಿದ್ದರೂ ಸಿಡಿಲಿನ ಹೊಡೆತ ಪ್ಲಗ್ಗಿನ ದಾರಿಯಲ್ಲಿ ಬರುತ್ತದೆ.

ಇನ್ವರ್ಟರಿನ ಕೀಂ ಕೀಂ ಮಾತ್ರ ಉಳಿದಿದೆ. ಅದು ಹೊರೆ ಹೆಚ್ಚಾಯಿತೆಂಬ ಎಚ್ಚರಿಕೆ. ಕರೆಂಟಿಲ್ಲದಾಗ ಮಿಕ್ಸಿ ಹಾಕಬಾರದೆಂದು ಹೇಳಿದರೆ, ಚಟ್ನಿ ಇಲ್ಲದೆ ನೀರುದೋಸೆ ತಿನ್ನುವುದು ಹೇಗೆ ಎಂದು ಅತ್ತೆ ಕೇಳುತ್ತಾರೆ.