ಹೈಸ್ಕೂಲ್ ಲಕ್ರಾಸ್ ಕೋಚ್ ಆಗಿ ಬಹುಕಾಲ ಉಳಿಯಬೇಕೆ?

ಅಮೆರಿಕದ ಮೇರಿಲ್ಯಾಂಡ್‌ನ ಸರ್ಕಾರಿ ಹೈಸ್ಕೂಲಿನಲ್ಲಿ ಗಣಿತ ಪಾಠ ಮಾಡುತ್ತಾ ಹುಡುಗರಿಗೆ ಲಕ್ರಾಸ್ ಕಲಿಸುತ್ತಾ ಬಂದವನು ನಾನು. ತುದಿಯಲ್ಲಿ ಬಲೆಯಿರುವ ಸ್ಟಿಕ್‌ನಿಂದ ಚೆಂಡು ಹಿಡಿದು, ಎಸೆದು, ಗೋಲು ಹೊಡೆಯುವ ಆಟವಿದು. ಈ ಕೆಲಸಕ್ಕೆ ಬರುವ ಹೊಸ ಶಿಕ್ಷಕರು ಮೊದಲು ಕೇಳುವುದು ಅಟ್ಯಾಕ್ ತಂತ್ರಗಳನ್ನು, ಅಂದರೆ ಗೋಲು ಹೊಡೆಯುವ ಉಪಾಯಗಳನ್ನು. ಅವು ನಿಧಾನವಾಗಿ ಬರುತ್ತವೆ. ಮೊದಲ ಕೆಲವು ವರ್ಷ ಶಾಲೆಯ ಮುಖ್ಯ ತಂಡವಾದ ವಾರ್ಸಿಟಿ ಬೇಡ, ಅದರ ಕೆಳಗಿನ ಕಿರಿಯರ ಜೆವಿ ತಂಡವನ್ನೇ ಕೇಳಿ ಪಡೆಯಿರಿ. ಸ್ಟಿಕ್ ಹಿಡಿಯಲೂ ಬಾರದ ಒಂಬತ್ತನೇ ತರಗತಿಯ ಮಕ್ಕಳು ಅಲ್ಲಿರುತ್ತಾರೆ. ಏನನ್ನು ಹೇಗೆ ವಿವರಿಸಬೇಕು ಎಂಬುದನ್ನು ನಿಮಗೆ ಕಲಿಸುವವರು ಅವರೇ.

ದಿನವೂ ಅಭ್ಯಾಸವನ್ನು ಗ್ರೌಂಡ್ ಬಾಲ್‌ನಿಂದಲೇ ಆರಂಭಿಸಿ. ನೆಲದ ಮೇಲಿರುವ ಚೆಂಡು ಯಾರ ಪಾಲಾಗುತ್ತದೋ ಪಂದ್ಯ ಅತ್ತ ವಾಲುತ್ತದೆ ಎಂಬುದು ನನ್ನ ಗಟ್ಟಿ ನಂಬಿಕೆ. ಮಂಡಿ ಬಗ್ಗಬೇಕು, ಎರಡೂ ಕೈ ಸ್ಟಿಕ್ ಮೇಲಿರಬೇಕು, ಹಿಂದಿನ ಕೈ ನೆಲದ ಹತ್ತಿರಕ್ಕೆ ಇಳಿಯಬೇಕು. ಚೆಂಡಿನ ಬಳಿ ನಿಂತು ಎಳೆದುಕೊಳ್ಳಲು ಬಿಡಬೇಡಿ, ಓಡುತ್ತಲೇ ಎತ್ತಿ ಮುಂದೆ ಹೋಗಲಿ. ಇಬ್ಬರು ಒಟ್ಟಿಗೆ ನುಗ್ಗಿದಾಗ ಒಬ್ಬ ‘ಬಾಲ್’ ಎನ್ನಬೇಕು, ಇನ್ನೊಬ್ಬ ‘ಮ್ಯಾನ್’ ಎಂದು ಎದುರಾಳಿಯನ್ನು ತಡೆಯಬೇಕು. ಚೆಂಡು ಸಿಕ್ಕ ಕೂಡಲೇ ‘ರಿಲೀಸ್’ ಎಂದು ಕೂಗದಿದ್ದರೆ ತಡೆಯುತ್ತಿರುವವನಿಗೆ ಅದು ತಿಳಿಯದೆ ಫೌಲ್ ಆಗುತ್ತದೆ. ನಾಚಿಕೆಯ ಹುಡುಗರು ಕೂಗುವುದಿಲ್ಲ. ಅವರ ದನಿ ಹೊರಡುವವರೆಗೆ ಕಾಯುವ ತಾಳ್ಮೆ ನಿಮಗಿರಲಿ.

ಗೋಡೆಗೆ ಚೆಂಡು ಎಸೆದು ಹಿಡಿಯುವ ವಾಲ್ ಬಾಲ್ ಅಭ್ಯಾಸವನ್ನು ಮನೆಗೆ ಕೊಡಿ. ಬಾರದ ಕೈಯಲ್ಲಿ ಹೆಚ್ಚು ಮಾಡಿಸಿ.

ಸುರಕ್ಷತೆಯ ವಿಷಯದಲ್ಲಿ ನಾನು ಯಾರ ಮಾತನ್ನೂ ಕೇಳುವುದಿಲ್ಲ. ಗಟ್ಟಿ ರಬ್ಬರ್ ಚೆಂಡು ಎರಡು ಹೃದಯ ಬಡಿತಗಳ ನಡುವಿನ ಒಂದು ಸೂಕ್ಷ್ಮ ಕ್ಷಣದಲ್ಲಿ ಎದೆಗೆ ಬಡಿದರೆ, ಆರೋಗ್ಯವಂತ ಹುಡುಗನ ಹೃದಯವೂ ಲಯ ತಪ್ಪಿ ನಿಂತುಬಿಡಬಹುದು. ಅದಕ್ಕೇ ಹೈಸ್ಕೂಲ್ ನಿಯಮಗಳು 2021ರಿಂದ ಗೋಲಿಗೆ (ಗೋಲ್‌ಕೀಪರ್‌ಗೆ), 2022ರಿಂದ ಉಳಿದ ಹುಡುಗರಿಗೂ ಪ್ರಮಾಣಿತ ಎದೆಗವಚವನ್ನು ಕಡ್ಡಾಯಗೊಳಿಸಿವೆ. ಆದರೂ ವಿದ್ಯುತ್ ಆಘಾತ ಕೊಟ್ಟು ಹೃದಯದ ಲಯ ಸರಿಪಡಿಸುವ ಎಇಡಿ ಯಂತ್ರ ಮೈದಾನದಲ್ಲೇ ಇರಬೇಕು, ಬೀಗ ಹಾಕಿದ ಕೋಣೆಯಲ್ಲಿ ಅಲ್ಲ. ಸಿಪಿಆರ್ (ಎದೆ ಒತ್ತಿ ರಕ್ತ ಹರಿಸುವ ತುರ್ತು ಚಿಕಿತ್ಸೆ) ಇಲ್ಲದೆ ಕಳೆಯುವ ಪ್ರತಿ ನಿಮಿಷಕ್ಕೆ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಎಇಡಿಯನ್ನು ತರುವವರು ಯಾರು, ತುರ್ತು ಸಂಖ್ಯೆ 911ಕ್ಕೆ ಕರೆ ಮಾಡುವವರು ಯಾರು, ಆಂಬುಲೆನ್ಸ್‌ಗೆ ಗೇಟ್ ತೆಗೆಯುವವರು ಯಾರು ಎಂದು ಋತು ಶುರುವಾಗುವ ಮಾರ್ಚ್‌ನಲ್ಲೇ ಹೆಸರು ಬರೆದು ಹಚ್ಚಿ. ತಲೆಗೆ ಪೆಟ್ಟು ಬಿದ್ದ ಅನುಮಾನ ಬಂದರೂ ಸಾಕು, ಹುಡುಗ ಹೊರಗೆ. ಫೈನಲ್ ಆಗಿದ್ದರೂ ಸರಿ. ವೈದ್ಯರ ಬರಹವಿಲ್ಲದೆ ಅವನು ಮೈದಾನಕ್ಕೆ ಮರಳುವಂತಿಲ್ಲ.

ಈ ಆಟ ಯಾರದೆಂದು ಮಕ್ಕಳಿಗೆ ಹೇಳಿ. ಉತ್ತರ ಅಮೆರಿಕದ ಮೂಲನಿವಾಸಿಗಳು ಆಡುತ್ತಿದ್ದ ಆಟವಿದು. ಅವರಲ್ಲಿ ಇರೊಕ್ವಾಯ್ ಎಂದೂ ಕರೆಯಲಾಗುವ ಹೌಡೆನೊಸೌನಿ ಜನರಿಗೆ ಇಂದಿಗೂ ಇದು ಸೃಷ್ಟಿಕರ್ತ ಕೊಟ್ಟ ಔಷಧ. ತಮ್ಮದೇ ಧ್ವಜದಡಿ ಆಡುವ ಅವರ ಪುರುಷರ ತಂಡ 2023ರಲ್ಲಿ ಸ್ಯಾನ್ ಡಿಯಾಗೊದ ವಿಶ್ವ ಚಾಂಪಿಯನ್‌ಶಿಪ್‌ನಲ್ಲಿ ಕಂಚು ಗೆದ್ದಿತು. ಇದು ಗೊತ್ತಾದ ಮೇಲೆ ನಮ್ಮ ಹುಡುಗರು ಸ್ಟಿಕ್ ನೆಲಕ್ಕೆ ಬಿಸಾಡುವುದು ಕಡಿಮೆಯಾಯಿತು.

ಮೈದಾನದಲ್ಲಿ ಒಮ್ಮೆಗೆ ಹತ್ತೇ ಜನ: ಗೋಲಿ ಒಬ್ಬ, ಡಿಫೆನ್ಸ್, ಮಿಡ್‌ಫೀಲ್ಡ್, ಅಟ್ಯಾಕ್‌ಗೆ ಮೂವರಂತೆ. ಉಳಿದವರು ಬೆಂಚಿನಲ್ಲಿ. ಕೋಚ್ ಎಷ್ಟು ಕಾಲ ಉಳಿಯುತ್ತಾನೆ ಎಂಬುದು ಆ ಬೆಂಚಿನ ಮೇಲೆ ನಿಂತಿದೆ. ಹೆಚ್ಚು ಆಡದ ಹುಡುಗನಿಗೂ ಅವನದೇ ಎನ್ನುವ ಕೆಲಸ ಕೊಡಿ: ಎದುರಾಳಿಗಳ ಸ್ಲೈಡ್ (ಸೋತ ಡಿಫೆಂಡರ್‌ನ ನೆರವಿಗೆ ಇನ್ನೊಬ್ಬ ನುಗ್ಗುವುದು) ಎಲ್ಲಿಂದ ಬರುತ್ತಿದೆ ಎಂದು ಗುರುತಿಸಿ ವಿರಾಮದಲ್ಲಿ ಹೇಳುವುದು, ಇಲ್ಲವೇ ನಡುವೆ ಇಟ್ಟ ಚೆಂಡಿಗಾಗಿ ಇಬ್ಬರು ಸೆಣಸುವ ಫೇಸ್‌ಆಫ್‌ಗೆ ಮಾತ್ರ ತಯಾರಾಗುವುದು. ಅವನು ಯಾಕೆ ಆಡುತ್ತಿಲ್ಲ ಎಂಬುದನ್ನು ಅವನಿಗೇ, ಮುಖಕ್ಕೆ ಮುಖ ಕೊಟ್ಟು, ಮೊದಲೇ ಹೇಳಿಬಿಡಿ. ತಂದೆತಾಯಿಯ ಜತೆ ಪಂದ್ಯದ ರಾತ್ರಿ ಮಾತು ಬೇಡ, ಮರುದಿನ ಕೂತು ಮಾತಾಡಿ.

ಕಾಲೇಜು ತಂಡಗಳ ಆಸೆಯನ್ನು ಬೇಗ ಹಚ್ಚಬೇಡಿ. ಕಾಲೇಜು ಕ್ರೀಡೆಯ ಮೇಲ್ಮಟ್ಟವಾದ ಡಿವಿಷನ್ ಒಂದರ ಕೋಚ್‌ಗಳು ಹನ್ನೊಂದನೇ ತರಗತಿಯ ಸೆಪ್ಟೆಂಬರ್ 1ಕ್ಕೆ ಮೊದಲು ಆಟಗಾರನ ಜತೆ ಮಾತಾಡುವಂತಿಲ್ಲ ಎಂಬ ನಿಯಮ 2017ರಲ್ಲಿ ಬಂತು. ಅದಕ್ಕೂ ಮುಂಚೆ ಹದಿನಾಲ್ಕರ ಮಕ್ಕಳೇ ಮುಂದೆ ನಿಮ್ಮಲ್ಲೇ ಆಡುತ್ತೇವೆ ಎಂದು ಕಾಲೇಜಿಗೆ ಮಾತು ಕೊಡುತ್ತಿದ್ದರು. ಆ ವಯಸ್ಸಿಗೆ ಆ ಭಾರ ಸಲ್ಲದು.

ಋತು ಮುಗಿದ ವಾರದಲ್ಲೇ ಹೆಲ್ಮೆಟ್‌ಗಳನ್ನು ತಪಾಸಣೆಗೆ ಕಳಿಸಿ, ಸಹಾಯಕ ಕೋಚ್‌ನನ್ನು ಕೂರಿಸಿಕೊಂಡು ಮುಂದಿನ ವರ್ಷ ಯಾವ ಅಭ್ಯಾಸವನ್ನು ಅವನೊಬ್ಬನೇ ನಡೆಸುತ್ತಾನೆ ಎಂದು ತೀರ್ಮಾನಿಸಿ. ಚೆಂಡನ್ನು ನಮ್ಮ ಗೋಲಿನ ಬಳಿಯಿಂದ ಎದುರಾಳಿಯ ಕಡೆಗೆ ಸಾಗಿಸುವ ಕ್ಲಿಯರಿಂಗ್‌ನಿಂದ ಶುರು ಮಾಡಿಸುವುದು ಒಳ್ಳೆಯದು; ಅದರಲ್ಲಿ ಗೋಲಿಯಿಂದ ಅಟ್ಯಾಕ್‌ವರೆಗೆ ಎಲ್ಲರನ್ನೂ ಸಂಭಾಳಿಸಬೇಕಾಗುತ್ತದೆ.